ಮೂಳೆಗೆ ಹರಡಿದ ಕ್ಯಾನ್ಸರ್: ಶಸ್ತ್ರಚಿಕಿತ್ಸೆ ಹಾಗೂ ಸೌಲಭ್ಯ ಪಡೆಯುವ ವಿಧಾನ

ಪೀಠಿಕೆ
ಸ್ತನ, ಪ್ರಾಸ್ಟೇಟ್ ಗ್ರಂಥಿ, ಶ್ವಾಸಕೋಶ, ಮೂತ್ರಪಿಂಡ ಮತ್ತು ಥೈರಾಯ್ಡ್ ಕ್ಯಾನ್ಸರ್‌ಗಳು ಮೂಳೆಗಳಿಗೆ ಹರಡುವುದುಂಟು. ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು ಹಾಗೂ ತೊಡೆಮೂಳೆಯ ಮೇಲ್ಭಾಗ ಹೆಚ್ಚಾಗಿ ಬಾಧೆಗೊಳಗಾಗುತ್ತವೆ. ಈ ಹಂತದ ಶಸ್ತ್ರಚಿಕಿತ್ಸೆಯಿಂದ ರೋಗವು ಸಾಮಾನ್ಯವಾಗಿ ನಿರ್ಮೂಲವಾಗುವುದಿಲ್ಲ. ನೋವನ್ನು ತಗ್ಗಿಸುವುದು, ಮೂಳೆ ಮುರಿಯದಂತೆ ತಡೆಯುವುದು ಮತ್ತು ರೋಗಿಯು ನಡೆದಾಡುವಂತೆ ಮಾಡುವುದು ಇದರ ಉದ್ದೇಶವಾಗಿರುತ್ತದೆ.

ಶಸ್ತ್ರಚಿಕಿತ್ಸೆಯ ವಿಧಗಳು
1. ಮುರಿದ ಅಥವಾ ಮುರಿಯುವ ಸಂಭವವಿರುವ ಉದ್ದ ಮೂಳೆಯೊಳಗೆ ಲೋಹದ ಸರಳನ್ನು ಸೇರಿಸಿ ಭದ್ರಪಡಿಸುವುದು. ಮೂಳೆ ಮುರಿಯುವ ಮೊದಲೇ ಮಾಡಿದರೆ ಚೇತರಿಕೆ ಸುಲಭ.
2. ಸೊಂಟದ ಕೀಲಿನ ಬಳಿ ಮೂಳೆ ಹಾಳಾಗಿದ್ದಲ್ಲಿ ಕೃತಕ ಕೀಲನ್ನು ಅಳವಡಿಸುವುದು.
3. ಬೆನ್ನುಹುರಿಯ ಮೇಲಿನ ಒತ್ತಡವನ್ನು ತೆಗೆದು, ತಿರುಪು ಹಾಗೂ ಸರಳುಗಳಿಂದ ಬೆನ್ನುಮೂಳೆಯನ್ನು ನಿಲ್ಲಿಸುವುದು.

ಗಾಯ ಮಾಗಿದ ನಂತರ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆ ನೀಡಲಾಗುತ್ತದೆ. ಬೆನ್ನುಹುರಿ ಒತ್ತಲ್ಪಟ್ಟ 101 ರೋಗಿಗಳ ಕುರಿತು 2005 ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಎರಡನ್ನೂ ಪಡೆದವರಲ್ಲಿ ಶೇ. 84 ರಷ್ಟು ಮಂದಿ ಚಿಕಿತ್ಸೆಯ ನಂತರ ನಡೆಯಬಲ್ಲವರಾಗಿದ್ದರು. ವಿಕಿರಣ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ. 57 ಆಗಿತ್ತು.

ತುರ್ತು ಲಕ್ಷಣಗಳು
ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಅದೇ ದಿನ ಆಸ್ಪತ್ರೆಗೆ ಕರೆತರತಕ್ಕದ್ದು:
• ರಾತ್ರಿ ಮಲಗಿದಾಗ ಹೆಚ್ಚುವ ಬೆನ್ನುನೋವು
• ಕಾಲುಗಳಲ್ಲಿ ಬಲಹೀನತೆ ಅಥವಾ ಜೋಮು
• ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು
• ಸಣ್ಣ ಪೆಟ್ಟಿಗೇ ಮೂಳೆ ಮುರಿಯುವುದು

ಕಾಲುಗಳ ಶಕ್ತಿ ಪೂರ್ಣವಾಗಿ ಹೋದ ಮೇಲೆ ಅದು ಮರಳುವ ಸಾಧ್ಯತೆ ಕಡಿಮೆ. ಆದ್ದರಿಂದ ಇಂತಹ ನೋವಿಗೆ ಎಣ್ಣೆ ತಿಕ್ಕಿಸುವುದು, ನಾಟಿ ಕಟ್ಟು ಹಾಕಿಸುವುದು ಮುಂತಾದವುಗಳಲ್ಲಿ ಕಾಲಹರಣ ಮಾಡಬಾರದು. ವಾಹನವಿಲ್ಲದಿದ್ದಲ್ಲಿ 108 ಕ್ಕೆ ಕರೆ ಮಾಡುವುದು.

ಸೌಲಭ್ಯ ಪಡೆಯುವ ವಿಧಾನ
ಪಾಳಾ ಹಾಗೂ ಸುತ್ತಲಿನ ಗ್ರಾಮಗಳ ರೋಗಿಗಳು ಮೊದಲಿಗೆ ಮುಂಡಗೋಡ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು ಶಿಫಾರಸು ಪತ್ರ ಪಡೆಯತಕ್ಕದ್ದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರ ಕಡ್ಡಾಯವಲ್ಲ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ಕಿಮ್ಸ್ ಎಂದು ಪರಿಚಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ಅಥವಾ 1973 ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ಸಂಪರ್ಕಿಸಬಹುದು.

2018 ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ರಷ್ಟನ್ನು, ವಾರ್ಷಿಕ ರೂ. 1.5 ಲಕ್ಷಕ್ಕೆ ಮೀರದಂತೆ, ಭರಿಸಲಾಗುತ್ತದೆ.

ತರಬೇಕಾದ ದಾಖಲೆಗಳು
ಆಧಾರ್ ಕಾರ್ಡ್, ಪಡಿತರ ಚೀಟಿ, ಶಿಫಾರಸು ಪತ್ರ, ಹಿಂದಿನ ಚಿಕಿತ್ಸೆಯ ಕಾಗದಪತ್ರಗಳು, ಎಕ್ಸ್‌ರೇ ಹಾಗೂ ಸ್ಕ್ಯಾನ್ ಚಿತ್ರಗಳು ಮತ್ತು ಬಯಾಪ್ಸಿ ವರದಿ.

ಹೆಚ್ಚಿನ ಮಾಹಿತಿಗಾಗಿ ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.