ರಕ್ಷಣೆಯ ಪ್ರಶ್ನೆ: ಲೂಥರನ್ ಪಂಡಿತರ ವಾದ ಮತ್ತು ಪಯಟಿಸ್ಟರ ಸರಳ ನಂಬಿಕೆ

ಮನುಷ್ಯನಿಗೆ ರಕ್ಷಣೆ ದೊರೆಯುವುದು ದೇವರ ಕೃಪೆಯಿಂದ; ಅದನ್ನು ಪಡೆದುಕೊಳ್ಳುವುದು ನಂಬಿಕೆಯಿಂದ; ಸತ್ಕ್ರಿಯೆಗಳು ಆ ನಂಬಿಕೆಯ ಫಲವೇ ಹೊರತು ರಕ್ಷಣೆಗೆ ತೆತ್ತ ಬೆಲೆಯಲ್ಲ. ಮಾರ್ಟಿನ್ ಲೂಥರ್ ಸಾರಿದ ಬೋಧೆಯ ತಿರುಳು ಇಷ್ಟೇ. ಅಕ್ಷರ ಬಾರದ ರೈತನಿಗೂ ತಿಳಿಯುವ ಮಾತು ಇದು. ಆದರೆ 1546ರಲ್ಲಿ ಲೂಥರ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಇದರ ಒಂದೊಂದು ಪದದ ಮೇಲೂ ಅವನ ಶಿಷ್ಯರ ನಡುವೆಯೇ ಜಗಳ ಹತ್ತಿಕೊಂಡಿತು. ರಕ್ಷಣೆಗೆ ಸತ್ಕ್ರಿಯೆ ಅಗತ್ಯವೆಂದು 1552ರಲ್ಲಿ ಗಿಯೋರ್ಗ್ ಮಾಯೊರ್ ಬರೆದ. ಅದನ್ನು ಎದುರಿಸಲು ಹೊರಟ ನಿಕೊಲೌಸ್ ಫಾನ್ ಆಮ್ಸ್‌ಡೋರ್ಫ್, ಸತ್ಕ್ರಿಯೆಗಳು ರಕ್ಷಣೆಗೆ ಹಾನಿಕರ ಎನ್ನುವಲ್ಲಿಗೆ ಹೋಗಿ ಮುಟ್ಟಿದ. ದೇವರ ಕಡೆ ತಿರುಗುವಾಗ ಮನುಷ್ಯನ ಇಚ್ಛೆಗೆ ಏನಾದರೂ ಪಾಲಿದೆಯೇ ಎಂಬುದು 1560ರಲ್ಲಿ ವೈಮಾರ್‌ನಲ್ಲಿ ನಡೆದ ವಾದದ ವಿಷಯ. ಅಲ್ಲಿ ಫ್ಲಾಸಿಯಸ್ ಎಂಬ ಪಂಡಿತ, ಆದಿಪಾಪವೇ ಪತಿತ ಮನುಷ್ಯನ ಸ್ವರೂಪ ಎಂದುಬಿಟ್ಟ. ಈ ಕಲಹಗಳಿಗೆ ತೆರೆ ಎಳೆಯಲು 1577ರ ಒಪ್ಪಂದ ಸೂತ್ರವೂ 1580ರ ಒಪ್ಪಂದ ಗ್ರಂಥವೂ ಬೇಕಾದವು.

ಲೂಥರನ ಸಂಗಾತಿ ಮೆಲಾಂಕ್ಥನ್ ತೀರಿಕೊಂಡದ್ದು ಅದೇ 1560ರ ಏಪ್ರಿಲ್‌ನಲ್ಲಿ. ಸಾವಿಗೆ ಏಕೆ ಅಂಜಬಾರದು ಎಂಬುದಕ್ಕೆ ಕಾರಣಗಳನ್ನು ಅವನು ಒಂದು ಚೀಟಿಯಲ್ಲಿ ಎರಡು ಸಾಲಾಗಿ ಬರೆದಿಟ್ಟಿದ್ದ. ಒಂದು ಕಡೆ ಬಿಡುಗಡೆಗಳ ಪಟ್ಟಿ: ಪಾಪದಿಂದ, ಸಂಕಟಗಳಿಂದ, ದೇವಶಾಸ್ತ್ರಿಗಳ ಉಗ್ರ ಕೋಪದಿಂದ. ಇನ್ನೊಂದು ಕಡೆ ದೊರಕಲಿರುವುದು: ಬೆಳಕು, ದೇವರ ದರ್ಶನ, ಜೊತೆಗೆ ಈ ಬಾಳಿನಲ್ಲಿ ಬಗೆಹರಿಯದೆ ಉಳಿದ ಗೂಢಗಳ ಅರಿವು. ಕ್ರಿಸ್ತನಲ್ಲಿ ದೈವ ಮತ್ತು ಮಾನುಷ ಸ್ವಭಾವಗಳು ಕೂಡಿರುವುದು ಹೇಗೆ ಎಂಬುದು ಆ ಗೂಢಗಳಲ್ಲೊಂದು. ವಾದದಿಂದ ಬೇಸತ್ತವನು ವಾದದ ಪ್ರಶ್ನೆಗಳನ್ನು ಮಾತ್ರ ಕೈಬಿಟ್ಟಿರಲಿಲ್ಲ. ಮುಂದಿನ ಇನ್ನೂರು ವರ್ಷಗಳ ಲೂಥರನ್ ಇತಿಹಾಸವನ್ನು ಈ ಚೀಟಿಯ ಬೆಳಕಿನಲ್ಲಿ ಓದಬಹುದು.

ಹದಿನೇಳನೆಯ ಶತಮಾನದಲ್ಲಿ ವಿಟೆನ್‌ಬರ್ಗಿನ ಕಾಲೊವ್, ಕ್ವೆನ್‌ಸ್ಟೆಟ್ ಮೊದಲಾದ ಪಂಡಿತರು ರಕ್ಷಣೆಯನ್ನು ಹಂತಗಳಾಗಿ ವಿಂಗಡಿಸಿದರು. ದೇವರ ಕರೆ, ಮನಸ್ಸಿಗೆ ಬೆಳಕು, ಮಾನಸಾಂತರ, ಹೊಸ ಜನ್ಮ, ನೀತಿವಂತನೆಂಬ ನಿರ್ಣಯ, ಕ್ರಿಸ್ತನೊಡನೆ ಐಕ್ಯ, ಬದುಕಿನ ನವೀಕರಣ ಎಂದು ಸಾಗುವ ಈ ಕ್ರಮ ಪಂಡಿತರಿಂದ ಪಂಡಿತರಿಗೆ ಕೊಂಚ ಬದಲಾಗುತ್ತಿತ್ತು. ಇದನ್ನು ಬರಿಯ ಒಣ ಪಾಂಡಿತ್ಯವೆಂದು ತಳ್ಳಿಹಾಕುವುದು ರೂಢಿ. ಅದು ನ್ಯಾಯವಲ್ಲ. ಮೂವತ್ತು ವರ್ಷಗಳ ಯುದ್ಧ (1618-48) ಊರೂರುಗಳನ್ನು ಹಾಳುಗೆಡವಿದ ಕಾಲ ಅದು. ಸಾಯುವ ಮಂಚದ ಮೇಲಿರುವವನು ನನಗೆ ರಕ್ಷಣೆ ಇದೆಯೇ ಎಂದು ಕೇಳಿದರೆ, ಉತ್ತರ ಅವನ ಆ ಹೊತ್ತಿನ ಮನಃಸ್ಥಿತಿಯನ್ನು ನೆಚ್ಚಿರಬಾರದು, ಕ್ರಿಸ್ತನು ಮಾಡಿ ಮುಗಿಸಿದ ಕಾರ್ಯವನ್ನೇ ನೆಚ್ಚಿರಬೇಕು ಎಂಬ ಕಾಳಜಿ ಆ ವಿಂಗಡಣೆಯ ಹಿಂದಿತ್ತು. ಪೌಲ್ ಗೆರ್‌ಹಾರ್ಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಮಗುವಿನಂಥ ಭರವಸೆಯ ಕೀರ್ತನೆಗಳನ್ನು ಬರೆದ ಈ ಬರ್ಲಿನ್ ಬೋಧಕ, ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ವೇದಿಕೆಯಿಂದ ಪರಸ್ಪರ ಖಂಡಿಸಬಾರದೆಂಬ ಬ್ರಾಂಡೆನ್‌ಬರ್ಗಿನ ದೊರೆಯ ಆಜ್ಞೆಗೆ ಸಹಿ ಹಾಕಲು ಒಪ್ಪದೆ 1666ರಲ್ಲಿ ಹುದ್ದೆ ಕಳೆದುಕೊಂಡ. ಹಾಡಿನ ಸರಳತೆಯೂ ತತ್ತ್ವದ ಹಟವೂ ಅವನಲ್ಲಿ ಒಟ್ಟಿಗೇ ಇದ್ದವು.

ಆದರೂ ಹಲವು ಸಭೆಗಳಲ್ಲಿ ಪ್ರಸಂಗವೆಂದರೆ ಎದುರಾಳಿಗಳ ಖಂಡನೆ ಎಂಬಂತಾಗಿದ್ದುದು ನಿಜ. ಇದಕ್ಕೆ ಮದ್ದು ಹುಡುಕಿದವನು ಅಲ್ಸಾಸ್‌ನಲ್ಲಿ 1635ರಲ್ಲಿ ಹುಟ್ಟಿ, 1666ರಿಂದ ಫ್ರಾಂಕ್‌ಫರ್ಟ್‌ನಲ್ಲಿ ಹಿರಿಯ ಬೋಧಕನಾಗಿದ್ದ ಫಿಲಿಪ್ ಯಾಕೋಬ್ ಸ್ಪೇನರ್. 1670ರಲ್ಲಿ ಅವನ ಮನೆಯಲ್ಲೇ ಭಕ್ತಿಯ ಚಿಕ್ಕ ಕೂಟಗಳು ಶುರುವಾದವು. 1675ರಲ್ಲಿ, ಯೋಹಾನ್ ಆರ್ಂಟ್ ಎಂಬ ಹಿಂದಿನ ತಲೆಮಾರಿನ ಬೋಧಕನ ಪ್ರಸಂಗಗಳ ಮರುಮುದ್ರಣಕ್ಕೆ ಮುನ್ನುಡಿಯಾಗಿ ಬರೆದದ್ದೇ 'ಪಿಯಾ ಡೆಸಿಡೇರಿಯಾ'. ಅದರಲ್ಲಿರುವ ಆರು ಸಲಹೆಗಳಲ್ಲಿ ಎರಡು ಇಲ್ಲಿ ಮುಖ್ಯ. ಕ್ರೈಸ್ತಧರ್ಮ ತಿಳಿವಳಿಕೆಗೆ ನಿಲ್ಲದೆ ನಡೆಯಲ್ಲಿ ಕಾಣಬೇಕು ಎಂಬುದು ಒಂದು. ತಪ್ಪು ಬೋಧೆಯವರನ್ನು ಪ್ರಾರ್ಥನೆ, ಒಳ್ಳೆಯ ನಡತೆ, ಮೆದುಮಾತುಗಳಿಂದ ಗೆಲ್ಲಬೇಕು ಎಂಬುದು ಇನ್ನೊಂದು. ಸ್ಪೇನರ್ ವಾದವನ್ನು ಪೂರ್ತಿ ಬೇಡವೆನ್ನಲಿಲ್ಲ, ಅದರ ಮೇರೆಯನ್ನು ಗುರುತಿಸಿದ.

ಅವನ ಹಾದಿ ಹಿಡಿದ ಆಗಸ್ಟ್ ಹೆರ್ಮಾನ್ ಫ್ರಾಂಕೆಯ ಕಥೆಯಲ್ಲಿ ಸರಳ ನಂಬಿಕೆಗೆ ಒಂದು ನಿಶ್ಚಿತ ರೂಪ ಬಂತು. 1687ರಲ್ಲಿ, 24 ವರ್ಷ ವಯಸ್ಸಿನ ಫ್ರಾಂಕೆ ಲ್ಯೂನೆಬರ್ಗ್‌ನಲ್ಲಿ ಪ್ರಸಂಗ ಮಾಡಬೇಕಿತ್ತು. ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದ ಕೊನೆಯ ವಾಕ್ಯವನ್ನು ಆರಿಸಿಕೊಂಡಿದ್ದ. ಜೀವಂತ ನಂಬಿಕೆಗೂ ಬರಿಯ ಕಲ್ಪನೆಗೂ ಇರುವ ವ್ಯತ್ಯಾಸವನ್ನು ಸಭೆಗೆ ಬಿಡಿಸಿ ಹೇಳಬೇಕೆಂದು ಕೂತವನಿಗೆ, ತಾನು ವಿವರಿಸಹೊರಟ ಆ ನಂಬಿಕೆ ತನ್ನಲ್ಲೇ ಇಲ್ಲವೆಂಬುದು ಹೊಳೆಯಿತು. ದೇವರಿದ್ದಾನೆಯೇ ಎಂಬ ಶಂಕೆಯೂ ಎದ್ದಿತು. ದಿನಗಟ್ಟಲೆ ತಳಮಳಿಸಿ, ಒಂದು ಭಾನುವಾರ ಸಂಜೆ ಮೊಣಕಾಲೂರಿ ಪ್ರಾರ್ಥಿಸಿದಾಗ, ಕೈ ಮಗುಚುವಷ್ಟರಲ್ಲಿ ಸಂಶಯ ಅಳಿದುಹೋಯಿತೆಂದು ಅವನು ಆಮೇಲೆ ಬರೆದುಕೊಂಡ. ಆ ನಂಬಿಕೆ ಕೈಕಟ್ಟಿ ಕೂರಲಿಲ್ಲ. ಹಾಲೆ ನಗರದ ಪಕ್ಕದ ಗ್ಲೌಖಾದಲ್ಲಿ ಬೋಧಕನಾಗಿದ್ದಾಗ, 1695ರಲ್ಲಿ, ಕಾಣಿಕೆ ಡಬ್ಬಿಯಲ್ಲಿ ಸಿಕ್ಕ 4 ಥಾಲರ್ 16 ಗ್ರೋಷೆನ್ ಹಣದಿಂದ ಬಡಮಕ್ಕಳ ಶಾಲೆ ತೆರೆದ. ಅದೇ ಬೆಳೆದು ದೊಡ್ಡ ಅನಾಥಾಲಯವಾಯಿತು.

ಪಂಡಿತರು ಸುಮ್ಮನಿರಲಿಲ್ಲ. ಸ್ಪೇನರ್, ಫ್ರಾಂಕೆಯರ ಹಾದಿ ಹಿಡಿದವರಿಗೆ ಪಯಟಿಸ್ಟ್ ಎಂಬ ಹೆಸರು ಹುಟ್ಟಿದ್ದೇ ಗೇಲಿಯ ಮಾತಾಗಿ. ಮನೆಗಳಲ್ಲಿ ಕೂಟ ಸೇರುವುದನ್ನು ಸ್ಯಾಕ್ಸನಿ 1690ರಲ್ಲಿ ನಿಷೇಧಿಸಿತು. 1695ರಲ್ಲಿ ವಿಟೆನ್‌ಬರ್ಗಿನ ದೇವಶಾಸ್ತ್ರ ವಿಭಾಗ ಸ್ಪೇನರನ ಬರಹಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ತಪ್ಪುಗಳನ್ನು ಪಟ್ಟಿಮಾಡಿತು. ಹೆಚ್ಚು ತೂಕದ ಆಕ್ಷೇಪ ಬಂದದ್ದು ವ್ಯಾಲೆಂಟಿನ್ ಅರ್ನ್ಸ್ಟ್ ಲೋಷರ್‌ನಿಂದ. ಭಕ್ತಿ ಬೇಡವೆಂದು ಅವನು ಹೇಳಲಿಲ್ಲ. ರಕ್ಷಣೆಯ ನಿಶ್ಚಯವನ್ನು ವಾಕ್ಯ ಮತ್ತು ಸಂಸ್ಕಾರಗಳಿಂದ ಕಿತ್ತು ಒಳಗಿನ ಅನುಭವದ ಮೇಲೆ ನೆಟ್ಟರೆ, ಅನುಭವ ಬತ್ತಿದ ದಿನ ಭಕ್ತನಿಗೆ ನಿಲ್ಲಲು ನೆಲವಿರುವುದಿಲ್ಲ ಎಂಬುದು ಅವನ ಕಡೆಯ ವಾದದ ಸಾರ.

ಈ ಎಚ್ಚರಿಕೆಯಲ್ಲಿ ಹುರುಳಿತ್ತೆಂಬುದನ್ನು ಪಯಟಿಸ್ಟರ ಮುಂದಿನ ಚರಿತ್ರೆಯೇ ತೋರಿಸುತ್ತದೆ. ಕೃಪೆಗೆ ಗಡುವು ಉಂಟೇ, ಮೊಂಡುಬಿದ್ದ ಪಾಪಿಗೆ ಸಾಯುವ ಮೊದಲೇ ದೇವರ ಬಾಗಿಲು ಮುಚ್ಚೀತೇ ಎಂಬ ಪ್ರಶ್ನೆಯನ್ನು 1698ರಲ್ಲಿ ಎತ್ತಿದವನು ಸೊರೌ ಊರಿನ ಬೋಸೆ. ಲೈಪ್‌ಜಿಗ್‌ನಲ್ಲಿ ಸ್ಪೇನರನ ಅಳಿಯ ರೆಖೆನ್‌ಬರ್ಗ್ ಗಡುವಿನ ಪರ ನಿಂತ. ಅಲ್ಲಿನ ದೇವಶಾಸ್ತ್ರ ವಿಭಾಗದ ಇಟ್ಟಿಗ್ ವಿರೋಧಿಸಿದ. ವರ್ಷಗಟ್ಟಲೆ ಹೊತ್ತಗೆಗಳು ಹೊರಬಂದವು. ವಾದಕ್ಕೆ ಬೆನ್ನು ತಿರುಗಿಸಿದ ಬಳಗವೇ ಹೊಸದೊಂದು ವಾದಕ್ಕೆ ತಾಯಿಯಾಯಿತು. ಫ್ರಾಂಕೆಯ ತಳಮಳವೂ ಹಾಲೆಯವರಲ್ಲಿ ಪಶ್ಚಾತ್ತಾಪದ ಹೋರಾಟ ಎಂಬ ಮಾದರಿಯಾಗಿ ಗಟ್ಟಿಗೊಂಡಿತು. ಆ ಸಂಕಟವನ್ನು ದಾಟದವನ ನಂಬಿಕೆ ನಿಜವಾದದ್ದೇ ಎಂಬ ಅನುಮಾನ ಹರಡಿತು. ಹಾಲೆಯಲ್ಲೇ ಓದಿದ, 1722ರಲ್ಲಿ ಮೊರಾವಿಯದ ನಿರಾಶ್ರಿತರಿಗೆ ಹೆರ್ನ್‌ಹುಟ್‌ನಲ್ಲಿ ನೆಲೆ ಕೊಟ್ಟ ತ್ಸಿನ್‌ಜೆನ್‌ಡೋರ್ಫ್, ರಕ್ಷಕನ ಗಾಯಗಳನ್ನು ನೋಡಿ ಪ್ರೀತಿಸಿದರೆ ಸಾಕು, ಹೋರಾಟದ ಕಟ್ಟಳೆ ಬೇಡ ಎಂದು ಇದನ್ನು ತಿರಸ್ಕರಿಸಿದ. ಹೀಗೆ ಸರಳತೆ ಯಾವುದೆಂಬುದೇ ತಕರಾರಿಗೆ ವಸ್ತುವಾಯಿತು.

ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್‌ನಲ್ಲಿ ಗಾಳಿ ಬೇರೆ ರೀತಿ ಬೀಸಿತು. 1743ರ ರಾಜಾಜ್ಞೆ ಮನೆಕೂಟಗಳಿಗೆ ಚರ್ಚಿನೊಳಗೇ ಜಾಗ ಕೊಟ್ಟಿತು. ಈ ನೆಲದ ಪಯಟಿಸ್ಟರೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಭಕ್ತರೂ ಸೇರಿ 1815ರಲ್ಲಿ ಬಾಸೆಲ್ ಮಿಷನ್ ಕಟ್ಟಿದರು. ಗೆರ್‌ಹಾರ್ಟ್ ಯಾವ ಭೇದಕ್ಕಾಗಿ ಹುದ್ದೆ ಕಳೆದುಕೊಂಡಿದ್ದನೋ ಅದನ್ನು ಮರೆತು ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂತರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ತಂದದ್ದು ಈ ನಂಬಿಕೆಯನ್ನೇ. ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರು ಬಂದದ್ದು ಆಮೇಲೆ. ಅವರು ಬಳಸಿದ 'ನಂಬಿಕೆ' ಎಂಬ ಮಾತು ಅಷ್ಟರಲ್ಲಾಗಲೇ ದಾಸರ ಪದಗಳಲ್ಲೂ ವಚನಗಳಲ್ಲೂ ಬೇರೂರಿದ ನಂಬುಗೆಯ ಬಳ್ಳಿಗೆ ಸೇರಿದ್ದು.

ಆದರೆ ದೀಕ್ಷಾಸ್ನಾನ ಬೇಡಿ ಬಂದವರ ಎದುರು ಹಳೆಯ ಪ್ರಶ್ನೆ ಮರಳಿ ಬಂತು. ಧರ್ಮ ಬಿಟ್ಟವನಿಗೆ ಮನೆಯೂ ಜಾತಿಯ ಕಸುಬೂ ತಪ್ಪುತ್ತಿದ್ದವು. ಅಂಥವರಿಗಾಗಿ ಮಿಷನ್ ಮಗ್ಗಗಳನ್ನೂ ಹಂಚಿನ ಕಾರ್ಖಾನೆಯನ್ನೂ ನಡೆಸಿತು. ಬಂದವನನ್ನು ಕರೆತಂದದ್ದು ನಂಬಿಕೆಯೋ ಅನ್ನವೋ ಎಂದು ಕೇಳುತ್ತ, ಫ್ರಾಂಕೆ ಲ್ಯೂನೆಬರ್ಗ್‌ನಲ್ಲಿ ತನ್ನ ಎದೆಯೊಳಗೆ ನಡೆಸಿದ ಪರೀಕ್ಷೆಯನ್ನು ಮಿಷನರಿ ಇಲ್ಲಿ ಇನ್ನೊಬ್ಬರ ಎದೆಯಲ್ಲಿ ನಡೆಸಬೇಕಾಯಿತು, ತಾನು ಕಲಿತ ಕನ್ನಡದಲ್ಲಿ, ತುಳುವಿನಲ್ಲಿ.