ತೈಲ ಸಂಶೋಧನೆಯ ಹಾದಿ ಮತ್ತು ಹೊಸಿಲು

ಅಮೆರಿಕದ ತೈಲೋದ್ಯಮದಲ್ಲಿ ಸಂಶೋಧನಾ ವರದಿ ಬಾವಿಗಿಂತ ನಾಲ್ಕು ವರ್ಷ ಹಿರಿಯದು. ಪೆನ್ಸಿಲ್ವೇನಿಯಾದ ತೊರೆಗಳ ಮೇಲೆ ತೇಲಿ ಬರುತ್ತಿದ್ದ ಕಲ್ಲೆಣ್ಣೆಯನ್ನು ಯೇಲ್ ಕಾಲೇಜಿನ ರಸಾಯನಶಾಸ್ತ್ರಜ್ಞ ಕಿರಿಯ ಬೆಂಜಮಿನ್ ಸಿಲಿಮನ್ 1855ರಲ್ಲಿ ಭಟ್ಟಿ ಇಳಿಸಿದರು. ಅದರ ಅರ್ಧದಷ್ಟಾದರೂ ಒಳ್ಳೆಯ ದೀಪದೆಣ್ಣೆಯಾದೀತು ಎಂದು ಬರೆದರು. ಆದರೆ ತಮ್ಮ ಶುಲ್ಕ ಕೈಸೇರುವ ತನಕ ವರದಿಯನ್ನು ಹೂಡಿಕೆದಾರರಿಗೆ ಕೊಡಲಿಲ್ಲ. ಉದ್ಯಮ ಮತ್ತು ಸಂಶೋಧಕರ ನಡುವಿನ ಜಗ್ಗಾಟ ಹೀಗೆ ಮೊದಲ ದಿನದಿಂದಲೇ ಇದೆ. ಆ ವರದಿಯ ಬಲದಿಂದ ಬಂಡವಾಳ ಕೂಡಿಬಂತು. 1859ರಲ್ಲಿ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿ ಸುಮಾರು 21 ಮೀಟರ್ ಆಳದಲ್ಲಿ ಎಣ್ಣೆ ಮುಟ್ಟಿತು.

ಆಮೇಲಿನ ಕೆಲವು ದಶಕ ವಿಜ್ಞಾನಿಗಳ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಎಣ್ಣೆ ಜಿನುಗುವ ಜಾಗ ಹುಡುಕಿ ಅಲ್ಲಿ ಕೊರೆದರೆ ಸಾಕಿತ್ತು. ಅಸ್ಸಾಮಿನ ಕಥೆಯೂ ಇದೇ. 1867ರಲ್ಲಿ ಮಾಕುಮ್ ಬಳಿಯ ಬಾವಿಯೊಂದರಲ್ಲಿ ಎಣ್ಣೆ ಸಿಕ್ಕಿತು, 1889ರಲ್ಲಿ ದಿಗ್ಬೋಯ್‌ನಲ್ಲಿ. ದಿಗ್ಬೋಯ್ ಕಾಡಿನಲ್ಲಿ ಮರದ ದಿಮ್ಮಿ ಎಳೆಯುತ್ತಿದ್ದ ಆನೆಯ ಕಾಲಿಗೆ ಎಣ್ಣೆ ಮೆತ್ತಿಕೊಂಡು ಗುಟ್ಟು ಬಯಲಾಯಿತು ಎಂಬ ಕಥೆಯನ್ನು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಆ ಕಾಲದ ಅನ್ವೇಷಣೆಯ ಕ್ರಮವನ್ನಂತೂ ಸರಿಯಾಗಿಯೇ ಹೇಳುತ್ತದೆ. 1901ರಲ್ಲಿ ಅಲ್ಲಿ ಶುರುವಾದ ಸಂಸ್ಕರಣಾಗಾರ ಈಗಲೂ ನಡೆಯುತ್ತಿದೆ.

ಸುಲಭದ ಎಣ್ಣೆ ಮುಗಿಯುತ್ತ ಬಂದಾಗಲೆಲ್ಲ ಉದ್ಯಮ ಹೊಸದೊಂದು ಶಾಸ್ತ್ರದ ಬಾಗಿಲು ತಟ್ಟಿದೆ. ಮೊದಲು ಕರೆಬಂದದ್ದು ಭೂವಿಜ್ಞಾನಕ್ಕೆ. ಎಣ್ಣೆ ಮತ್ತು ಅನಿಲ ಕಮಾನಿನಂತೆ ಮೇಲಕ್ಕೆ ಬಾಗಿದ ಶಿಲಾಸ್ತರಗಳ ನೆತ್ತಿಯಲ್ಲಿ ಶೇಖರವಾಗುತ್ತವೆ ಎಂಬ ವಾದವನ್ನು ಐ. ಸಿ. ವೈಟ್ 1885ರಲ್ಲಿ ಮಂಡಿಸಿದರು. ಅಂಥ ಕಮಾನುಗಳು ನೆಲದ ಮೇಲೆ ಗುರುತು ತೋರದ ಕಡೆ ಭೌತವಿಜ್ಞಾನ ಬೇಕಾಯಿತು. ಸಣ್ಣ ಸ್ಫೋಟದ ಕಂಪನ ಆಳದ ಸ್ತರಗಳಿಗೆ ಬಡಿದು ಹಿಂದಿರುಗುವ ಹೊತ್ತನ್ನು ಅಳೆಯುವ ವಿಧಾನವನ್ನು ಜಾನ್ ಕಾರ್ಚರ್ ಮತ್ತು ಸಂಗಡಿಗರು 1921ರಲ್ಲಿ ಒಕ್ಲಹೋಮಾದಲ್ಲಿ ಪ್ರಯೋಗಿಸಿ ನೋಡಿದರು. 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸೋದರರ ತಂಡ ಬಾವಿಯೊಳಗೆ ವಿದ್ಯುತ್ ಉಪಕರಣ ಇಳಿಸಿ, ಶಿಲೆಯ ವಿದ್ಯುತ್ ರೋಧವನ್ನು ಆಳದಿಂದ ಆಳಕ್ಕೆ ದಾಖಲಿಸಿತು.

ಆ ದಾಖಲೆಯನ್ನು ಓದುವುದು ಹೇಗೆಂಬುದು ಇನ್ನೊಂದು ಪ್ರಶ್ನೆ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಎಣ್ಣೆ ಹರಿಯಗೊಡುವುದಿಲ್ಲ. ಹಾಗಾದರೆ ಅಳೆದ ರೋಧದಿಂದ, ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಎಷ್ಟು ಪಾಲು ನೀರು, ಎಷ್ಟು ಪಾಲು ಎಣ್ಣೆ ಎಂದು ಲೆಕ್ಕ ಹಾಕಬಹುದೆ? ಶೆಲ್ ಕಂಪನಿಯ ಗಸ್ ಆರ್ಚಿ ಮರಳುಗಲ್ಲಿನ ತುಂಡುಗಳನ್ನು ಒಂದೊಂದಾಗಿ ಅಳೆದು, 1942ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಅದು ಯಾವುದೇ ಮೂಲ ಸಿದ್ಧಾಂತದಿಂದ ಹೊರಟದ್ದಲ್ಲ, ಅಳತೆಗಳಿಂದ ಒದಗಿದ್ದು. ಜೇಡಿ ಬೆರೆತ ಶಿಲೆಗಳಲ್ಲಿ ಅದು ಎಡವುತ್ತದೆ. ಆ ಎಡವಟ್ಟನ್ನು ಸರಿಪಡಿಸಲು ನಡೆದ ಸಂಶೋಧನೆಯೇ ಒಂದು ಗ್ರಂಥಾಲಯದಷ್ಟಿದೆ. ತೈಲಾಶಯದಲ್ಲಿ ದ್ರವ ಹರಿಯುವ ಬಗೆಯನ್ನು ತಿಳಿಸುವ ನಿಯಮದ ಮೂಲ ಇನ್ನೂ ವಿಚಿತ್ರ. ಡಿಜಾನ್ ಪಟ್ಟಣದ ಕುಡಿಯುವ ನೀರಿನ ವ್ಯವಸ್ಥೆ ಕಟ್ಟಿದ ಎಂಜಿನಿಯರ್ ಆನ್ರಿ ಡಾರ್ಸಿ, ನೀರು ಸೋಸುವ ಮರಳಿನ ಪದರಗಳನ್ನು ಪರೀಕ್ಷಿಸಿ 1856ರಲ್ಲಿ ಪ್ರಕಟಿಸಿದ ನಿಯಮ ಅದು. ಗಲ್ಫ್ ಕಂಪನಿಯ ಮಾರಿಸ್ ಮಸ್ಕಟ್ 1937ರಲ್ಲಿ ಬರೆದ ಗ್ರಂಥದ ಹೊತ್ತಿಗೆ, ನಲ್ಲಿ ನೀರಿನ ಆ ನಿಯಮ ತೈಲಾಶಯ ಎಂಜಿನಿಯರಿಂಗಿನ ಬುನಾದಿಯಾಗಿತ್ತು.

ನೆಲದ ಮೇಲೆ, ಸಂಸ್ಕರಣೆಯಲ್ಲಿ, ಮುನ್ನಡೆ ಬೇರೆ ದಾರಿಯಲ್ಲಿ ಸಾಗಿತು. ಭಾರವಾದ ಎಣ್ಣೆಯ ಅಣುಗಳನ್ನು ಕ್ರಿಯಾವರ್ಧಕದ ನೆರವಿನಿಂದ ಸೀಳಿ ಪೆಟ್ರೋಲ್ ಮಾಡುವ ಯೂಜೀನ್ ಹೂಡ್ರಿಯವರ ವಿಧಾನ 1937ರಲ್ಲಿ ಅಮೆರಿಕದ ಮಾರ್ಕಸ್ ಹುಕ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯತೊಡಗಿತು. 1942ರಲ್ಲಿ ಬ್ಯಾಟನ್ ರೂಜ್‌ನಲ್ಲಿ, ಪುಡಿಯಾದ ಕ್ರಿಯಾವರ್ಧಕವೇ ದ್ರವದಂತೆ ಹರಿಯುವ ಘಟಕ ಆರಂಭವಾಯಿತು. ರಸಾಯನ ಎಂಜಿನಿಯರುಗಳಿಗೆ ತೈಲೋದ್ಯಮ ಕಾಯಂ ಮನೆಯಾದದ್ದು ಇಲ್ಲಿಂದ.

ಇದೆಲ್ಲ ಬಹುಪಾಲು ಕಂಪನಿಗಳ ಸ್ವಂತ ಪ್ರಯೋಗಾಲಯಗಳಲ್ಲಿ ನಡೆಯಿತು. ಅವುಗಳ ವ್ಯಾಪ್ತಿ ಎಷ್ಟಿತ್ತೆಂದರೆ, 1970ರ ದಶಕದಲ್ಲಿ ಎಕ್ಸಾನ್ ಪ್ರಯೋಗಾಲಯದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಬ್ಯಾಟರಿಯ ಆರಂಭಿಕ ರೂಪವನ್ನು ಮಾಡಿದರು. ಅದಕ್ಕೆ 2019ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಪೆಟ್ರೋಲಿಗೆ ಪ್ರತಿಸ್ಪರ್ಧಿ ಹುಟ್ಟಿದ್ದು ಪೆಟ್ರೋಲ್ ಕಂಪನಿಯ ಹಟ್ಟಿಯಲ್ಲೇ! ಕಂಪನಿ ಮಾತ್ರ ಅದನ್ನು ಮುಂದುವರಿಸಲಿಲ್ಲ. ಮಸ್ಕಟ್ ದುಡಿದ ಗಲ್ಫ್ ಕಂಪನಿ 1980ರ ದಶಕದಲ್ಲಿ ಶೆವ್ರಾನ್ ಪಾಲಾಯಿತು, ಅದರ ಸಂಶೋಧನಾ ಆವರಣ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ದಾನವಾಗಿ ಹೋಯಿತು.

ಭಾರತದಲ್ಲಿ ಈ ಕೆಲಸ ಸರ್ಕಾರದ ಹೆಗಲಿಗೆ ಬಿತ್ತು. ಕೇಂದ್ರ ಸಚಿವ ಕೇಶವ ದೇವ ಮಾಳವೀಯ ಅವರ ಮುತುವರ್ಜಿಯಿಂದ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ, ಅಂದರೆ ಒಎನ್‌ಜಿಸಿ, 1956ರ ಆಗಸ್ಟ್ 14ರಂದು ಅಸ್ತಿತ್ವಕ್ಕೆ ಬಂತು. ಸೋವಿಯತ್ ತಜ್ಞರ ಜೊತೆ ಗುಜರಾತಿನಲ್ಲಿ ಕೊರೆಯುತ್ತಲೇ ಮೊದಲ ತಲೆಮಾರಿನ ಭಾರತೀಯರು ಕೆಲಸ ಕಲಿತರು. 1958ರಲ್ಲಿ ಖಂಭಾತ್ ಬಳಿಯ ಲುನೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. ಕಲಿಕೆಗೊಂದು ನೆಲೆ ಬೇಕೆಂದು 1962ರಲ್ಲಿ ಡೆಹ್ರಾಡೂನ್‌ನಲ್ಲಿ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಹುಟ್ಟಿತು; ಅದಕ್ಕೆ ಈಗ ಮಾಳವೀಯರ ಹೆಸರೇ ಇದೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, 1960ರಲ್ಲಿ ಸ್ಥಾಪಿಸಿದ ಭಾರತೀಯ ಪೆಟ್ರೋಲಿಯಂ ಸಂಸ್ಥೆಯೂ ಡೆಹ್ರಾಡೂನ್‌ನಲ್ಲೇ ನೆಲೆಯೂರಿತು. ಇಂಡಿಯನ್ ಆಯಿಲ್ ತನ್ನ ಸಂಶೋಧನಾ ಕೇಂದ್ರವನ್ನು 1972ರಲ್ಲಿ ಫರೀದಾಬಾದಿನಲ್ಲಿ ತೆರೆಯಿತು.

1974ರಲ್ಲಿ ಸಾಗರ ಸಾಮ್ರಾಟ್ ರಿಗ್ ಬಾಂಬೆ ಹೈನಲ್ಲಿ ಎಣ್ಣೆ ಕಂಡಿತು. ಸಮುದ್ರದ ಆ ಕ್ಷೇತ್ರ ತಂದ ಪ್ರಶ್ನೆಗಳು ಒಎನ್‌ಜಿಸಿಯ ಬೇರೆಬೇರೆ ಸಂಸ್ಥೆಗಳಾಗಿಯೇ ಕವಲೊಡೆದವು: ತೈಲಾಶಯ ಅಧ್ಯಯನಕ್ಕೆ ಅಹಮದಾಬಾದ್, ಕೊರೆತಕ್ಕೆ ಡೆಹ್ರಾಡೂನ್, ಸಮುದ್ರದೊಳಗಿನ ರಚನೆಗಳಿಗೆ ಪನ್ವೇಲ್.

ಭಾರತೀಯ ತೈಲ ಸಂಶೋಧನೆಯ ನಿಜವಾದ ಕಸುಬು ಕಾಣುವುದು ಹೊಸ ಕ್ಷೇತ್ರ ಕಂಡುಹಿಡಿದ ಕಡೆಗಿಂತ ಹಠಮಾರಿ ಎಣ್ಣೆಯನ್ನು ಮೇಲೆತ್ತಿದ ಕಡೆ. ನೆಲದೊಳಗಿನ ಎಣ್ಣೆಯಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ಮೂರನೇ ಒಂದು ಪಾಲಿನ ಆಸುಪಾಸು. ಉಳಿದದ್ದು ಶಿಲೆಗೆ ಅಂಟಿಕೊಂಡಿರುತ್ತದೆ. ಗುಜರಾತಿನ ಮೆಹ್ಸಾನಾ ಸುತ್ತಿನ ಬಲೋಲ್ ಮತ್ತು ಸಂಥಾಲ್ ಕ್ಷೇತ್ರಗಳ ಎಣ್ಣೆ ಕಾಕಂಬಿಯಂತೆ ಗಟ್ಟಿ. ಅಲ್ಲಿ ನೆಲದೊಳಕ್ಕೆ ಗಾಳಿ ನುಗ್ಗಿಸಿ ಎಣ್ಣೆಯ ಒಂದು ಪಾಲನ್ನು ಅಲ್ಲೇ ಹೊತ್ತಿಸುತ್ತಾರೆ. ಆ ಕಾವಿಗೆ ಉಳಿದ ಎಣ್ಣೆ ತೆಳುವಾಗಿ ಬಾವಿಯತ್ತ ಸರಿಯುತ್ತದೆ. ನೂರಾರು ಮೀಟರ್ ಆಳದ ಬೆಂಕಿಯನ್ನು ಕಣ್ಣಿನಿಂದ ನೋಡದೆ, ಮುಖ್ಯವಾಗಿ ಬಾವಿಯಿಂದ ಬರುವ ಅನಿಲಗಳನ್ನು ಪರೀಕ್ಷಿಸಿ ಹತೋಟಿಯಲ್ಲಿಡುವ ಕೆಲಸವಿದು. 1990ರಲ್ಲಿ ಬಲೋಲ್‌ನ ಪ್ರಾಯೋಗಿಕ ಹಂತ ಶುರುವಾಗಿ 1997ರಲ್ಲಿ ಪೂರ್ಣ ಪ್ರಮಾಣಕ್ಕೆ ಬಂತು. ಪ್ರಾಯೋಗಿಕ ಹಂತದಿಂದ ಇಡೀ ಕ್ಷೇತ್ರಕ್ಕೆ ದಾಟಲು ಎಷ್ಟು ವರ್ಷ ಹಿಡಿಯುತ್ತದೆ ಎಂಬುದಕ್ಕೆ ಇದೇ ಅಳತೆಗೋಲು.

ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ಕ್ಷೇತ್ರದ್ದು ಬೇರೆ ತಕರಾರು. 2004ರಲ್ಲಿ ಪತ್ತೆಯಾದ ಅಲ್ಲಿನ ಎಣ್ಣೆಯಲ್ಲಿ ಮೇಣ ಎಷ್ಟಿದೆಯೆಂದರೆ ಸಾಮಾನ್ಯ ಉಷ್ಣತೆಯಲ್ಲಿ ಅದು ಹೆಪ್ಪುಗಟ್ಟುತ್ತದೆ. ಅದಕ್ಕಾಗಿ ಗುಜರಾತಿನ ಕಡಲತೀರದವರೆಗೆ ಉದ್ದಕ್ಕೂ ಬಿಸಿಯಾಗಿಡುವ ಕೊಳವೆಮಾರ್ಗ ಹಾಕಬೇಕಾಯಿತು. ಇನ್ನು, ಎಣ್ಣೆಯನ್ನು ತಳ್ಳಲು ಬರಿಯ ನೀರು ಬಿಟ್ಟರೆ ಅದು ಮಂದ ಎಣ್ಣೆಯನ್ನು ಹಿಂದೆ ಬಿಟ್ಟು ಮುಂದೆ ಓಡಿಬಿಡುತ್ತದೆ. ಪಾಲಿಮರ್ ಬೆರೆಸಿ ನೀರನ್ನೂ ಗಂಜಿಯಂತೆ ಮಂದ ಮಾಡಿದರೆ ಎಣ್ಣೆ ಒಟ್ಟಾಗಿ ಮುಂದೆ ಸರಿಯುತ್ತದೆ. ಇಡೀ ಕ್ಷೇತ್ರಕ್ಕೆ ಈ ವಿಧಾನ ಬಳಸಿದ, ಪ್ರಪಂಚದ ದೊಡ್ಡ ಯೋಜನೆಗಳಲ್ಲಿ ಮಂಗಳಾ ಒಂದು. ಎಲ್ಲ ತಕರಾರಿಗೂ ಉತ್ತರ ಸಿಕ್ಕಿಲ್ಲ: ಕೃಷ್ಣಾ-ಗೋದಾವರಿ ಜಲಾನಯನದ ಕಡಲತಳದಲ್ಲಿ 2006 ಮತ್ತು 2015ರ ಯಾನಗಳು ಕಂಡ ಅನಿಲ ಹೈಡ್ರೇಟ್, ಅಂದರೆ ಮಂಜುಗಡ್ಡೆಯಂಥ ಹರಳಿನಲ್ಲಿ ಸೆರೆಯಾದ ಮೀಥೇನ್, ಇನ್ನೂ ಪ್ರಶ್ನೆಯಾಗಿಯೇ ಉಳಿದಿದೆ.

ಕರ್ನಾಟಕದ ನೆಲ ಬಹುಪಾಲು ಹಳೆಯ ಗಟ್ಟಿ ಶಿಲೆ, ಇಲ್ಲಿ ತೈಲಬಾವಿಗಳಿಲ್ಲ. ಆದರೂ ಸಂಶೋಧನೆಗೆ ಇಲ್ಲಿ ಎಡೆಯಿದೆ. ಆ ಗಟ್ಟಿ ಶಿಲೆಯೇ ಒಂದು ಕಾರಣ: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆ ಸೋರದಂತೆ ತಡೆಯುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯ ನೆರೆಯಲ್ಲೇ ಎಂಆರ್‌ಪಿಎಲ್ ಸಂಸ್ಕರಣಾಗಾರವಿದೆ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ಎಚ್‌ಪಿಸಿಎಲ್‌ನ ಹಸಿರು ಸಂಶೋಧನಾ ಕೇಂದ್ರವಿದೆ. ಶೆಲ್ ಕಂಪನಿಯ ಮೂರು ಪ್ರಮುಖ ತಂತ್ರಜ್ಞಾನ ಕೇಂದ್ರಗಳಲ್ಲಿ ಹ್ಯೂಸ್ಟನ್ ಮತ್ತು ಆಮ್‌ಸ್ಟರ್‌ಡ್ಯಾಮ್ ಬಿಟ್ಟರೆ ಮೂರನೆಯದು ಬೆಂಗಳೂರಿನದು.

ಈ ಚರಿತ್ರೆಯಿಂದ ಹೊಸಬರಿಗೆ ಸ್ಪಷ್ಟವಾಗುವ ಸಂಗತಿಯೆಂದರೆ, ತೈಲ ಸಂಶೋಧನೆ ಎಂಬ ಒಂದೇ ವಿಷಯ ಇಲ್ಲ. ಭೂವಿಜ್ಞಾನ, ಭೂಭೌತ ವಿಜ್ಞಾನ, ರಸಾಯನಶಾಸ್ತ್ರ, ರಸಾಯನ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್, ಗಣಿತ, ಈಚೆಗೆ ಕಂಪ್ಯೂಟರ್ ವಿಜ್ಞಾನ, ಎಲ್ಲವೂ ಒಂದೊಂದು ಬಾಗಿಲು. ಧನಬಾದಿನ ಐಐಟಿ, ಉತ್ತರ ಪ್ರದೇಶದ ಜೈಸ್‌ನ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆ, ಗಾಂಧಿನಗರದ ಪಂಡಿತ್ ದೀನದಯಾಳ್ ಇಂಧನ ವಿಶ್ವವಿದ್ಯಾಲಯ ಹಾಗೂ ವಿಶಾಖಪಟ್ಟಣದ ಪೆಟ್ರೋಲಿಯಂ ಮತ್ತು ಇಂಧನ ಸಂಸ್ಥೆ ಈ ಕ್ಷೇತ್ರಕ್ಕೇ ಹೆಸರಾದ ವಿದ್ಯಾಸಂಸ್ಥೆಗಳು. ಗೇಟ್ ಪರೀಕ್ಷೆಯಲ್ಲಿ 2017ರಿಂದ ಪೆಟ್ರೋಲಿಯಂ ಎಂಜಿನಿಯರಿಂಗ್ ಪ್ರತ್ಯೇಕ ಪತ್ರಿಕೆಯಾಗಿದೆ. ವಿಜ್ಞಾನ ಪದವೀಧರರಿಗೆ ಸಿಎಸ್‌ಐಆರ್-ನೆಟ್ ದಾರಿಯಿದೆ. 2023ರಿಂದ ಕಿರಿಯ ಸಂಶೋಧನಾ ಸಹಾಯಧನ ತಿಂಗಳಿಗೆ 37,000 ರೂಪಾಯಿ, ಹಿರಿಯ ಹಂತದಲ್ಲಿ 42,000.

ಯಾವ ಬಾಗಿಲಿನಿಂದ ಬಂದರೂ ತೈಲದ ಬೆಲೆಯ ಏರಿಳಿತದಿಂದ ತಪ್ಪಿಸಿಕೊಳ್ಳಲಾಗದು. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಬ್ರೆಂಟ್ ತೈಲ 2016ರ ಜನವರಿಯಲ್ಲಿ 30 ಡಾಲರಿಗೂ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದೆ ಪೇಟೆಯಲ್ಲಿ ಬೆಲೆ ಸೊನ್ನೆಗಿಂತಲೂ ಕೆಳಗೆ, ಮೈನಸ್ 37.63 ಡಾಲರಿಗೆ ಮುಟ್ಟಿತು. ಬೆಲೆ ಬಿದ್ದಾಗ ಮೊದಲು ಕತ್ತರಿ ಬೀಳುವ ಬಾಬತ್ತುಗಳಲ್ಲಿ ಅನ್ವೇಷಣೆ ಮತ್ತು ಸಂಶೋಧನೆ ಸೇರಿವೆ. ಹೀಗಾಗಿ ಒಂದೇ ಕಂಪನಿಯ ಒಂದೇ ಉಪಕರಣಕ್ಕೆ ಕಟ್ಟುಬಿದ್ದ ಜ್ಞಾನಕ್ಕಿಂತ, ರಂಧ್ರಶಿಲೆಯಲ್ಲಿ ದ್ರವದ ಹರಿವು, ಕ್ರಿಯಾವರ್ಧನೆ, ಕಂಪನ ದತ್ತಾಂಶದ ವಿಶ್ಲೇಷಣೆಯಂಥ ಮೂಲಜ್ಞಾನ ಹೆಚ್ಚು ಬಾಳುತ್ತದೆ. ನಾರ್ವೆಯ ಸ್ಲೈಪ್ನರ್ ಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಕಡಲತಳದ ಕೆಳಗಿನ ಮರಳುಗಲ್ಲಿಗೆ ತುಂಬಿಸುತ್ತ ಬಂದಿರುವುದರ ಹಿಂದೆಯೂ ಡಾರ್ಸಿಯ ನಿಯಮವೇ ಇದೆ. ಡೆಹ್ರಾಡೂನ್‌ನ ಪೆಟ್ರೋಲಿಯಂ ಸಂಸ್ಥೆ ಜಟ್ರೋಫಾ ಎಣ್ಣೆಯಿಂದ ತಯಾರಿಸಿದ ಇಂಧನ ಬೆರೆಸಿಕೊಂಡು 2018ರ ಆಗಸ್ಟ್ 27ರಂದು ವಿಮಾನವೊಂದು ದೆಹಲಿಗೆ ಹಾರಿದ್ದರಲ್ಲಿ ಕೆಲಸ ಮಾಡಿದ್ದು ಸಂಸ್ಕರಣಾಗಾರಗಳಲ್ಲಿ ಪಳಗಿದ ಕ್ರಿಯಾವರ್ಧಕ ವಿದ್ಯೆ.

ಸಂಶೋಧನೆ ಆರಂಭಿಸುವವರು ಮಾರ್ಗದರ್ಶಕರನ್ನೂ ವಿಷಯವನ್ನೂ ಆರಿಸುವುದು ವಾಡಿಕೆ. ದತ್ತಾಂಶದ ವಿಚಾರ ಮರೆತೇಹೋಗುತ್ತದೆ. ಶಿಲೆಯ ಮಾದರಿ, ಬಾವಿಯ ದಾಖಲೆ, ಉತ್ಪಾದನೆಯ ಅಂಕಿಗಳು ಸಾಮಾನ್ಯವಾಗಿ ಕಂಪನಿಯ ಇಲ್ಲವೆ ಸರ್ಕಾರದ ಸ್ವತ್ತು, ಮತ್ತು ಗೋಪ್ಯ. ಎರಡು ವರ್ಷ ದುಡಿದ ಮೇಲೆ ಪ್ರಕಟಣೆಗೆ ಅನುಮತಿ ಸಿಗದಿದ್ದರೆ ಪ್ರಬಂಧ ಅಲ್ಲೇ ನಿಲ್ಲುತ್ತದೆ. ಅಂಕಿಗಳನ್ನು ಯಾರು, ಯಾವ ಷರತ್ತಿನ ಮೇಲೆ ಕೊಡುತ್ತಾರೆ, ಫಲಿತಾಂಶ ಪ್ರಕಟಿಸಲು ಅವರ ಒಪ್ಪಿಗೆ ಇದೆಯೇ ಎಂಬುದನ್ನು ಪಿಎಚ್.ಡಿ.ಗೆ ಹೆಸರು ನೋಂದಾಯಿಸುವ ಮುನ್ನವೇ ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು.