ಗಂಡ ಪರದೇಶದಲ್ಲಿ, ಲೆಕ್ಕ ಊರಿನಲ್ಲಿ

ನಮ್ಮ ಕಾಸರಗೋಡಿನ ಕಡೆ ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದು ದೇಶದಲ್ಲಿ ಇರುವುದು ಇವತ್ತಿನ ಸಂಗತಿಯಲ್ಲ. ಗಲ್ಫಿಗೆ ಮೊದಲು ಸಿಲೋನ್ ಇತ್ತು, ರಂಗೂನ್ ಇತ್ತು, ಮಲಾಯಾ ಇತ್ತು. ಹೋದವರ ಕಥೆ ಬೇಕಾದಷ್ಟು ಉಂಟು. ಹಡಗು, ಲಾಂಚ್, ಮರಳುಗಾಡು, ಹಿಂದೆ ಬರುವಾಗ ತಂದ ಟೇಪ್ ರೆಕಾರ್ಡರ್ ಎಲ್ಲ ಅದರಲ್ಲಿ ಬರುತ್ತದೆ. ಊರಲ್ಲಿ ಉಳಿದ ಹೆಂಗಸಿನ ಕೈಗೆ ಬಂದ ಹಣ ಯಾರದ್ದು ಅಂತ ಸರಕಾರ ಲೆಕ್ಕ ಹಾಕಿತು ಎಂಬ ಕಥೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ಜುಲೈ ತಿಂಗಳು ಬಂತೆಂದರೆ "ಮಾಷ್ಟ್ರೇ, ಈ ಇಂಗ್ಲಿಷ್ ಕಾಗದದಲ್ಲಿ ಎಂತ ಉಂಟು ಅಂತ ಒಂದು ನೋಡಿ" ಎಂದು ಬರುವವರಲ್ಲಿ ಹೆಚ್ಚಿನವರು ಗಂಡ ಹೊರಗಿರುವ ಹೆಂಗಸರೇ. ಅವರ ಕಾಗದ ಓದಿ ಓದಿ ನನಗೆ ಈ ಕಾನೂನಿನ ಹಿಂದಿನ ಚರಿತ್ರೆ ಹುಡುಕುವ ಹುಚ್ಚು ಹಿಡಿಯಿತು.

ಆದಾಯ ತೆರಿಗೆ ನಮ್ಮ ದೇಶಕ್ಕೆ ಬಂದದ್ದು 1860ರಲ್ಲಿ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಿಸಲು ಜೇಮ್ಸ್ ವಿಲ್ಸನ್ ಎಂಬ ಹಣಕಾಸು ಅಧಿಕಾರಿ ತಂದದ್ದು ಅದು. 1886ರ ಕಾಯ್ದೆಯಲ್ಲಿ ಬೇಸಾಯದ ಹುಟ್ಟುವಳಿಯನ್ನು ತೆರಿಗೆಯಿಂದ ಹೊರಗಿಟ್ಟರು. ಆಗ ನಮ್ಮದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಗದ್ದೆ, ತೆಂಗು, ಅಡಿಕೆ ನಂಬಿದವರಿಗೆ ತೀರ್ವೆ ಗೊತ್ತಿತ್ತು, ಗೇಣಿ ಗೊತ್ತಿತ್ತು. ಇನ್‌ಕಮ್ ಟ್ಯಾಕ್ಸ್ ಎನ್ನುವುದು ಪೇಟೆಯ ವ್ಯಾಪಾರಿಗಳ ತಲೆನೋವು ಎಂದೇ ಲೆಕ್ಕ.

1922ರ ಕಾಯ್ದೆ ಕೂಡ ಮುಖ್ಯವಾಗಿ ಕೇಳುತ್ತಿದ್ದದ್ದು ಹಣ ಎಲ್ಲಿ ಹುಟ್ಟಿತು, ಎಲ್ಲಿ ಕೈಗೆ ಸಿಕ್ಕಿತು ಅಂತ. ಮನುಷ್ಯ ಎಲ್ಲಿ ವಾಸ ಇದ್ದಾನೆ ಎಂಬ ಪ್ರಶ್ನೆ ಗಟ್ಟಿಯಾದದ್ದು 1939ರ ತಿದ್ದುಪಡಿಯಲ್ಲಿ. ಇವತ್ತು ಎಲ್ಲರ ಬಾಯಲ್ಲಿರುವ 182 ದಿನದ ಲೆಕ್ಕ ಅಲ್ಲಿಂದಲೇ ಬಂದದ್ದು. ವರ್ಷದಲ್ಲಿ ಅಷ್ಟು ದಿನ ಇಲ್ಲಿದ್ದವ ನಿವಾಸಿ, ಅವನ ಹೊರಗಿನ ಸಂಪಾದನೆಗೂ ಇಲ್ಲಿ ತೆರಿಗೆ ಬರಬಹುದು. ಇಲ್ಲದಿದ್ದವ ಅನಿವಾಸಿ, ಅವನಿಗೆ ಇಲ್ಲಿನ ಆದಾಯಕ್ಕೆ ಮಾತ್ರ.

ಅದೇ 1939ರಲ್ಲಿ 4ನೆಯ ಕಲಮಿನ ಎರಡನೆಯ ಉಪಕಲಮಾಗಿ ಒಂದು ಮಾತು ಸೇರಿತು. ಮೊದಲ ಸಲ ಓದಿದಾಗ ನಾನು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ್ದೇನೆ. ಅದರ ತಾತ್ಪರ್ಯ ಇಷ್ಟು: ಗಂಡ ಬ್ರಿಟಿಷ್ ಇಂಡಿಯಾದ ನಿವಾಸಿ ಅಲ್ಲ, ಹೆಂಡತಿ ಇಲ್ಲಿನ ನಿವಾಸಿ ಎಂದಾದರೆ, ಇಲ್ಲಿ ತೆರಿಗೆಯ ಲೆಕ್ಕಕ್ಕೆ ಬಾರದ ಅವನ ಸಂಪಾದನೆಯಿಂದ ಅವನು ಅವಳಿಗೆ ಕಳಿಸಿದ ಹಣವನ್ನು ಅವಳದೇ ಆದಾಯ ಎಂದು ಭಾವಿಸತಕ್ಕದ್ದು. ಮಕ್ಕಳ ಗಂಜಿಗೆ, ಅತ್ತೆಯ ಮದ್ದಿಗೆ, ಮಾಡಿನ ಹುಲ್ಲು ತೆಗೆದು ಹಂಚು ಹಾಕಲಿಕ್ಕೆ ಅಂತ ಬಂದ ಹಣ ಅವಳು ದುಡಿದ ಹಣ ಆಗಿಬಿಟ್ಟಿತು. ಕಾನೂನಿನಲ್ಲಿ "ಭಾವಿಸತಕ್ಕದ್ದು" ಎಂಬ ಶಬ್ದಕ್ಕೆ ದೊಡ್ಡ ಶಕ್ತಿ ಉಂಟು, ಇಲ್ಲದ್ದನ್ನು ಉಂಟು ಮಾಡುತ್ತದೆ.

ಹೀಗೆ ಯಾಕೆ ಮಾಡಿದರು ಅಂತ ಊಹಿಸುವುದು ಕಷ್ಟವಲ್ಲ. ದೊಡ್ಡ ವ್ಯಾಪಾರಿ ಸಮುದ್ರದಾಚೆ ಕುಳಿತು ಸಂಪಾದಿಸುವುದು, ಸಂಸಾರ ಇಲ್ಲಿ ಸುಖವಾಗಿರುವುದು, ಸರಕಾರಕ್ಕೆ ಕಾಸಿಲ್ಲ. ಆ ತೂತು ಮುಚ್ಚಬೇಕಿತ್ತು. ಕೂಲಿಗೆ ಹೋದವನ ಹೆಂಡತಿಗೆ ಬರುತ್ತಿದ್ದ ಹತ್ತು ಹದಿನೈದು ರೂಪಾಯಿ ತೆರಿಗೆಯ ಕನಿಷ್ಠ ಮಿತಿಯ ಹತ್ತಿರಕ್ಕೂ ಬಾರದು. ಆದರೂ ಕಲಮಿನಲ್ಲಿ ವ್ಯಾಪಾರಿ, ಕೂಲಿ ಎಂಬ ಭೇದ ಇರಲಿಲ್ಲ. ಹೆಂಡತಿ ಹೊರಗಿದ್ದು ಗಂಡನಿಗೆ ಹಣ ಕಳಿಸಿಯಾಳು ಎಂಬ ಯೋಚನೆಯೂ ಅದನ್ನು ಬರೆದವರಿಗೆ ಬಂದಿಲ್ಲ.

ಇದರಲ್ಲಿ ನಮ್ಮಂಥ ಗಡಿಯವರು ಗಮನಿಸಬೇಕಾದ್ದು ಇನ್ನೊಂದುಂಟು. ಬರ್ಮಾ 1937ರ ಏಪ್ರಿಲ್ 1ರಂದು ಇಂಡಿಯಾದಿಂದ ಬೇರೆಯಾದ್ದರಿಂದ ರಂಗೂನಿನಲ್ಲಿದ್ದವ ಪರದೇಶದವನಾದ, ಅದು ಸರಿ. ಆದರೆ ಮೈಸೂರು ಸೀಮೆ? ಅದು ಮಹಾರಾಜರ ರಾಜ್ಯ, ಬ್ರಿಟಿಷ್ ಇಂಡಿಯಾ ಅಲ್ಲ. ಕುಂಬಳೆಯಿಂದ ಹೋಗಿ ಮೈಸೂರಿನಲ್ಲಿ ಹೋಟೆಲು ಇಟ್ಟು ಅಲ್ಲೇ ನೆಲೆಸಿದವ, ಈ ಕಾಯ್ದೆಯ ಕಣ್ಣಿಗೆ ಕೊಲಂಬೊದಲ್ಲಿದ್ದವನ ಹಾಗೆಯೇ ಹೊರಗಿನವ. ಭಾಷೆ ಒಂದೇ, ರೂಪಾಯಿ ಒಂದೇ, ಆದರೂ ಅವನು ಊರಿನ ಹೆಂಡತಿಗೆ ಕಳಿಸಿದ ಹಣ ಹೊರಗಿನಿಂದ ಬಂದ ಹಣ! ಭಾರತದ ಆದಾಯ ತೆರಿಗೆ ಮೈಸೂರಿಗೂ ವಿಸ್ತರಿಸಿದ್ದು 1950ರ ಏಪ್ರಿಲ್ 1ರಿಂದ. ಅಲ್ಲಿಗೆ ಆ ಗಡಿ ಅಳಿಯಿತು. ಆರು ವರ್ಷದ ಮೇಲೆ ನಮಗೂ ಮೈಸೂರಿಗೂ ನಡುವೆ ಬೇರೆ ಗಡಿ ಬಂತು, ಆ ಕಥೆ ನಿಮಗೆ ಗೊತ್ತಿದ್ದದ್ದೇ.

ಇದಕ್ಕೆ ಜೋಡಿಯಾಗಿ ಇನ್ನೊಂದು ಕಲಮು 1937ರಲ್ಲೇ ಬಂದಿತ್ತು. ಗಂಡ ತನ್ನ ಆಸ್ತಿಯನ್ನು ಬೆಲೆ ತೆಗೆದುಕೊಳ್ಳದೆ ಹೆಂಡತಿಯ ಹೆಸರಿಗೆ ಮಾಡಿದರೆ, ಆ ಆಸ್ತಿಯ ಆದಾಯ ಗಂಡನದ್ದೇ ಅಂತ ಸೇರಿಸುವುದು. ಒಟ್ಟಿಗೆ ಇಟ್ಟು ನೋಡಿ: ಗಂಡ ಊರಲ್ಲಿದ್ದರೆ ಹೆಂಡತಿಯ ಹೆಸರಿನ ಬಡ್ಡಿ ಗಂಡನದ್ದು, ಗಂಡ ಹೊರಗಿದ್ದರೆ ಗಂಡ ಕಳಿಸಿದ ಹಣ ಹೆಂಡತಿಯದ್ದು. ಯಾರು ಕೈಗೆ ಸಿಗುತ್ತಾರೋ ಅವರ ಲೆಕ್ಕಕ್ಕೆ. ಸರಕಾರದ ಜಾಣತನಕ್ಕೆ ಮೆಚ್ಚಬೇಕು. ಹೀಗೆ ಸೇರಿಸುವ ಕಲಮಿನಲ್ಲಿದ್ದ "ವ್ಯಕ್ತಿ" ಎಂದರೆ ಗಂಡಸು ಮಾತ್ರವೋ ಹೆಂಗಸೂ ಹೌದೋ ಎಂಬ ತರ್ಕ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1957ರಲ್ಲಿ ಸೋದ್ರಾ ದೇವಿ ಮೊಕದ್ದಮೆಯಲ್ಲಿ ಗಂಡಸು ಮಾತ್ರ ಎಂದು ತೀರ್ಮಾನವಾಯಿತು. 1961ರಲ್ಲಿ ಹೊಸ ಕಾಯ್ದೆ ಬರೆಯುವಾಗ ಹೆಂಡತಿ ಎಂಬಲ್ಲಿ ಗಂಡನಿಗೂ ಹೆಂಡತಿಗೂ ಸಲ್ಲುವ ಶಬ್ದ ಹಾಕಿದರು. ಪರದೇಶದ ಗಂಡ ಕಳಿಸಿದ ಹಣ ಹೆಂಡತಿಯ ಆದಾಯ ಎಂಬ ಮಾತು ಆ ಕಾಯ್ದೆಗೆ ಬರಲಿಲ್ಲ. 1962ರ ಏಪ್ರಿಲ್ 1ರಿಂದ ಅದು ಹೋಯಿತು.

ಹೋದ ಹೊತ್ತು ನಮಗೆ ಅನುಕೂಲದ್ದೇ ಆಯಿತು. ಸರಿಯಾಗಿ ಆ ದಶಕದಲ್ಲಿ ನಮ್ಮ ಕರಾವಳಿಯವರು ಲಾಂಚ್ ಹತ್ತಿ ಖೋರ್ಫಕ್ಕಾನಿನ ದಡದಲ್ಲಿ ಇಳಿಯಲು ಶುರು ಮಾಡಿದ್ದರು. ಹಳಬರ ಬಾಯಲ್ಲಿ ಅದೆಲ್ಲ "ಪರ್ಷಿಯಾ". ಆಗ ಅಲ್ಲಿ ಚಲಾವಣೆ ಇದ್ದದ್ದೂ ರೂಪಾಯಿಯೇ. 1959ರಿಂದ ಗಲ್ಫಿಗೆಂದೇ ರಿಸರ್ವ್ ಬ್ಯಾಂಕು ಬೇರೆ ಬಣ್ಣದ ನೋಟು ಅಚ್ಚು ಹಾಕಿತ್ತು.

ಆದರೆ 1961ರ ಕಾಯ್ದೆಯಲ್ಲಿ ಬೇರೊಂದು ಮುಳ್ಳು ಉಳಿದಿತ್ತು. 182 ದಿನ ಇಲ್ಲಿ ಇರಬೇಕೆಂದೇ ಇಲ್ಲ. ಒಬ್ಬನಿಗಾಗಿ ಇಲ್ಲಿ ಒಂದು ವಾಸದ ಮನೆ 182 ದಿನ ಇಟ್ಟುಕೊಂಡಿದ್ದು, ಅವನು ಆ ವರ್ಷ 30 ದಿನ ಊರಿಗೆ ಬಂದರೆ ಸಾಕು, ನಿವಾಸಿ ಆಗಬಹುದಿತ್ತು. ಗಲ್ಫಿಗೆ ಹೋದವ ಮನೆ ಮುಚ್ಚಿ ಹೋಗುತ್ತಾನೆಯೇ? ಹೆಂಡತಿ, ಮಕ್ಕಳು, ಹಟ್ಟಿಯಲ್ಲಿ ದನ, ಸಂಜೆ ದೀಪ ಎಲ್ಲ ಇಲ್ಲೇ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಕಾನೂನನ್ನು ಇದ್ದ ಹಾಗೆ ಓದಿದರೆ, ಹೆಂಡತಿ ಮನೆಯನ್ನು ನಡೆಸಿಕೊಂಡು ಬಂದದ್ದೇ ಗಂಡನ ತಲೆಗೆ ತೆರಿಗೆ ತರುವ ಕಾರಣ. ಅದರಲ್ಲೂ ಊರು ಬಿಟ್ಟ ಮೊದಮೊದಲ ವರ್ಷಗಳಲ್ಲಿ, ದುಬೈಯ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುವ ಸಂಭವ ಇತ್ತು. ಈ ಮನೆಯ ಷರತ್ತನ್ನು 1982ರ ಹಣಕಾಸು ಕಾಯ್ದೆ ತೆಗೆದುಹಾಕಿತು. ರಜೆಯಲ್ಲಿ ಬಂದವರಿಗೆ ಇದ್ದ ದಿನದ ಮಿತಿಯೂ ಹಂತ ಹಂತವಾಗಿ ಸಡಿಲವಾಗಿ 1994ರ ಹಣಕಾಸು ಕಾಯ್ದೆಯಿಂದ 182ಕ್ಕೆ ಬಂತು. ನಾನು ಹೇಳುವುದಾದರೆ ಈ ಎಲ್ಲ ತಿದ್ದುಪಡಿಗಳಲ್ಲಿ ನಮ್ಮ ಊರಿನ ಮನೆಗಳಿಗೆ ಹೆಚ್ಚು ನೆಮ್ಮದಿ ತಂದದ್ದು 1982ರದ್ದೇ. ಅದರ ಸುದ್ದಿ ಮಾತ್ರ ಯಾರಿಗೂ ಗೊತ್ತಾಗದೆ ಬಂತು, ಗೊತ್ತಾಗದೆ ಹೋಯಿತು.

ಹಣ ಬರುವ ದಾರಿಯೂ ಎರಡು ಇತ್ತು. ಒಂದು ಬ್ಯಾಂಕಿನ ಡ್ರಾಫ್ಟ್. 1970ರಿಂದ ಹೊರಗಿರುವವರಿಗೆ ಎನ್‌ಆರ್‌ಇ ಖಾತೆ ಬಂತು, ಅದರ ಬಡ್ಡಿಗೆ ಅವರಿಗೆ ತೆರಿಗೆ ಇಲ್ಲ. ಇನ್ನೊಂದು ಹುಂಡಿ, ಮಲಯಾಳದಲ್ಲಿ ಕುಳಲ್ ಪಣ ಅಂತಾರೆ. ಯಾರೋ ಒಬ್ಬ ಸಂಜೆಗೆ ಬಂದು ಕಟ್ಟು ಕೊಟ್ಟು ಹೋಗುತ್ತಾನೆ, ರಶೀದಿ ಇಲ್ಲ, ಹೆಸರಿಲ್ಲ. ಕಾಸು ಸ್ವಲ್ಪ ಹೆಚ್ಚು ಸಿಗುತ್ತಿತ್ತು, ಬೇಗ ಸಿಗುತ್ತಿತ್ತು, ಬ್ಯಾಂಕಿನಲ್ಲಿ ಇಂಗ್ಲಿಷ್ ಚೀಟಿ ತುಂಬಿಸುವ ಕಷ್ಟ ಇರಲಿಲ್ಲ. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅದು ಅಪರಾಧ. ಆದರೆ ನಾನು ಹೇಳಲಿಕ್ಕೆ ಹೊರಟದ್ದು ಬೇರೆ. ಹತ್ತು ವರ್ಷದ ಮೇಲೆ ಹೆಂಡತಿಯ ಹೆಸರಿನಲ್ಲಿ ತಾರಸಿ ಮನೆ ಎದ್ದಾಗ "ಹಣ ಎಲ್ಲಿಂದ?" ಎಂಬ ಪ್ರಶ್ನೆ ಬಂದರೆ ತೋರಿಸಲು ಅವಳ ಹತ್ತಿರ ಒಂದು ಚೂರು ಕಾಗದ ಇಲ್ಲ. ಮೂಲ ಹೇಳಲಾಗದ ಹೂಡಿಕೆಯನ್ನು ಆದಾಯ ಎಂದು ಲೆಕ್ಕ ಹಾಕುವ ಅಧಿಕಾರ 1961ರ ಕಾಯ್ದೆಯಲ್ಲಿ ಉಂಟು. ಡ್ರಾಫ್ಟಿನಲ್ಲಿ ಬಂದ ಹಣಕ್ಕೆ ಗಂಡನ ಹೆಸರು ಇರುತ್ತದೆ. ಹುಂಡಿಯ ಹಣಕ್ಕೆ ಅವಳ ಹೆಸರು ಮಾತ್ರ.

ಗಂಡ ಕೊಟ್ಟ ಉಡುಗೊರೆಗೂ ಒಂದು ಕಾಲದಲ್ಲಿ ಮಿತಿ ಇತ್ತು. 1958ರ ಉಡುಗೊರೆ ತೆರಿಗೆ ಕಾಯ್ದೆ ಅದು, 1998ರ ಅಕ್ಟೋಬರ್ 1ರಿಂದ ನಿಂತುಹೋಯಿತು. ಈಗ ಗಂಡ ಹೆಂಡತಿಗೆ ಎಷ್ಟು ಕಳಿಸಿದರೂ ಆ ಹಣಕ್ಕೆ ಅವಳು ತೆರಿಗೆ ಕಟ್ಟಬೇಕಾಗಿಲ್ಲ.

ಆದರೆ 1937ರ ಆ ಹಳೆಯ ಜೋಡಿ ಕಲಮು ಸತ್ತಿಲ್ಲ. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಸಂಶಯ ಇದರ ಮೇಲೆಯೇ. ಗಂಡ ಕಳಿಸಿದ ಹಣ ಹೆಂಡತಿಯ ಆದಾಯ ಅಲ್ಲ, ಸರಿ. ಅದನ್ನು ಅವಳು ತನ್ನ ಹೆಸರಿನಲ್ಲಿ ಠೇವಣಿ ಇಟ್ಟರೆ ಬರುವ ಬಡ್ಡಿ? ಅದು ಗಂಡನ ಆದಾಯಕ್ಕೆ ಸೇರಬೇಕು. ಆ ಬಡ್ಡಿಯನ್ನು ಬೇರೆಯಾಗಿ ಇಟ್ಟು ಅದರ ಮೇಲೆ ಬರುವ ಬಡ್ಡಿ ಮಾತ್ರ ಅವಳದ್ದು. ಅವಳ ಸ್ವಂತ ದುಡಿಮೆಯದ್ದು, ತವರಿಂದ ಬಂದದ್ದು ಹೇಗೂ ಅವಳದ್ದೇ. ಬೇರೆ ಕೆಲವು ದೇಶಗಳಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕುವ ಕ್ರಮ ಉಂಟಂತೆ. ನಮ್ಮಲ್ಲಿ ಅದಿಲ್ಲ, ಅವರವರದ್ದು ಅವರವರಿಗೆ. ಪೇಟೆಯಲ್ಲಿ ಗಂಡನ ಹೆಸರಿನಲ್ಲಿ ಕಟ್ಟಡ ಇದ್ದರೆ ಅದರ ಬಾಡಿಗೆಗೆ ರಿಟರ್ನ್ ಹಾಕಬೇಕಾದವ ದುಬೈಯಲ್ಲಿರುವ ಗಂಡ. ಅವನು ಅನಿವಾಸಿ ಆದ್ದರಿಂದ ಬಾಡಿಗೆ ಕೊಡುವಾಗಲೇ ನೂರಕ್ಕೆ ಮೂವತ್ತರ ಮೇಲೆ ಹಿಡಿದು ಕಟ್ಟುವ ಜವಾಬ್ದಾರಿ ಬಾಡಿಗೆದಾರನದ್ದು. ಹೆಚ್ಚು ಹಿಡಿದದ್ದು ಹಿಂದೆ ಸಿಗಬೇಕಾದರೆ ರಿಟರ್ನ್ ಹಾಕಲೇಬೇಕು. ಗಂಡ ಇಲ್ಲಿ ಇಲ್ಲದಾಗ ಪವರ್ ಆಫ್ ಅಟಾರ್ನಿ ಇದ್ದವರು ಅವನ ಪರವಾಗಿ ಹಾಕಬಹುದು.

ಇನ್ನೊಂದು ವ್ಯತ್ಯಾಸ ಹೇಳುತ್ತೇನೆ. 2025-26ರ ಹೊಸ ಪದ್ಧತಿಯ ಲೆಕ್ಕದಲ್ಲಿ ಊರಲ್ಲಿರುವವರಿಗೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಬೀಳುವುದಿಲ್ಲ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ 4 ಲಕ್ಷ ದಾಟಿದರೆ ತೆರಿಗೆ ಶುರು. "ಹಾಗಾದರೆ ಕಟ್ಟಡ ನನ್ನ ಹೆಸರಿಗೆ ಮಾಡಿದರೆ ಆಯಿತಲ್ಲ ಮಾಷ್ಟ್ರೇ" ಅಂತ ಕೇಳುತ್ತಾರೆ. ಬೆಲೆ ಕೊಡದೆ ಹೆಸರು ಬದಲಿಸಿದರೆ ಬಾಡಿಗೆ ಪುನಃ ಗಂಡನ ಲೆಕ್ಕಕ್ಕೇ ಬರುತ್ತದೆ.

ಗೋವಾದಲ್ಲಿ ಮಾತ್ರ ಕ್ರಮ ಬೇರೆ. ಪೋರ್ಚುಗೀಸರ ಸಿವಿಲ್ ಸಂಹಿತೆಗೆ ಒಳಪಟ್ಟ ದಂಪತಿಗಳಲ್ಲಿ ಆಸ್ತಿ ಇಬ್ಬರದ್ದೂ ಸಮ. ಅದಕ್ಕೆ ಹೊಂದಿಕೊಂಡು 1994ರಲ್ಲಿ ನಮ್ಮ ಆದಾಯ ತೆರಿಗೆ ಕಾಯ್ದೆಗೂ ಒಂದು ಕಲಮು ಸೇರಿಸಿದರು: ಸಂಬಳ ಬಿಟ್ಟು ಉಳಿದ ಆದಾಯವನ್ನು ಇಬ್ಬರ ರಿಟರ್ನಿನಲ್ಲೂ ಅರ್ಧರ್ಧ ತೋರಿಸುವುದು. ಅಂಥ ಮನೆಯ ಗಂಡ ಕುವೈತಿನಲ್ಲಿದ್ದರೂ ಊರಿನ ಬಾಡಿಗೆಯ ಅರ್ಧ ಹೆಂಡತಿಯದ್ದೇ. ಒಂದೇ ಕರಾವಳಿ, ಒಂದೇ ಗಲ್ಫ್, ಎರಡು ರೀತಿಯ ಲೆಕ್ಕ. ನನಗೆ ಗೋವಾದ್ದೇ ಹೆಚ್ಚು ನ್ಯಾಯ ಅಂತ ಕಾಣುತ್ತದೆ.

ಈಗೀಗ ಹೋಗುವವರಲ್ಲಿ ಹೆಂಗಸರೂ ಉಂಟು. ನರ್ಸ್ ಕೆಲಸಕ್ಕೆ ಹೋದ ಹೆಂಡತಿ ಹಣ ಕಳಿಸುತ್ತಾಳೆ, ಗಂಡ ಇಲ್ಲಿ ತೋಟ, ಮಕ್ಕಳ ಶಾಲೆ ನೋಡಿಕೊಳ್ಳುತ್ತಾನೆ. 1939ರವರು ಊಹಿಸದೆ ಬಿಟ್ಟದ್ದು ನಮ್ಮ ಬೀದಿಯಲ್ಲೇ ನಡೆಯುತ್ತಿದೆ. ಕಾನೂನು ಅವರಿಗೂ ಒಂದೇ.

2020ರ ಫೆಬ್ರವರಿಯ ಬಜೆಟ್ ಬಂದಾಗ ಊರಲ್ಲಿ ದೊಡ್ಡ ಗಾಬರಿ ಎದ್ದಿತ್ತು. ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿ ಎಂದು ಭಾವಿಸುವುದು ಎಂಬ ಪ್ರಸ್ತಾಪ ಅದರಲ್ಲಿತ್ತು. ನೋಡಿ, ಪುನಃ ಅದೇ "ಭಾವಿಸು". ಗಲ್ಫಿನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲವಲ್ಲ! ದುಡಿಯಲು ಹೋದವರ ಅಲ್ಲಿನ ಸಂಬಳಕ್ಕೆ ಇದು ಮುಟ್ಟುವುದಿಲ್ಲ ಎಂದು ಮರುದಿನವೇ ಸರಕಾರ ಸ್ಪಷ್ಟಪಡಿಸಿತು. ಕೊನೆಗೆ ಕಾಯ್ದೆಯಾಗುವಾಗ ಹೊರದೇಶದ್ದು ಬಿಟ್ಟು ಉಳಿದ ಆದಾಯ 15 ಲಕ್ಷ ಮೀರಿದವರಿಗೆ ಮಾತ್ರ ಅಂತ ಆಯಿತು. ಅಂಥವರು ರಜೆಯಲ್ಲಿ ಬಂದರೆ ದಿನದ ಮಿತಿ 182 ಅಲ್ಲ, 120. ಅಷ್ಟರಲ್ಲಿ ಕೊರೋನಾ ಬಂತು, ತಲಪಾಡಿಯ ರಸ್ತೆಗೆ ಮಣ್ಣು ಬಿತ್ತು, ರಜೆಗೆ ಬಂದವರು ವಿಮಾನ ಇಲ್ಲದೆ ಇಲ್ಲೇ ಉಳಿದರು. 2020ರ ಮಾರ್ಚ್ 22ರಿಂದ 31ರವರೆಗೆ ಹಾಗೆ ಸಿಕ್ಕಿಬಿದ್ದ ದಿನಗಳನ್ನು ಆ ವರ್ಷದ ಲೆಕ್ಕದಿಂದ ಬಿಡುವ ಸುತ್ತೋಲೆ ಮೇ 8ರಂದು ಹೊರಟಿತು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, ಅದರ ಜಾರಿಯ ದಿನಾಂಕ 2026ರ ಏಪ್ರಿಲ್ 1. ಕಲಮಿನ ಸಂಖ್ಯೆಗಳು ಬೇರೆ, 182 ಮಾತ್ರ ಹಾಗೆಯೇ ಉಂಟು.

ಈ ದಿನಗಳ ಲೆಕ್ಕ ಇಟ್ಟವರು ಯಾರು ಅಂದರೆ ಮನೆಯ ಹೆಂಗಸರೇ. ಪಾಸ್‌ಪೋರ್ಟಿನ ಮುದ್ರೆ ಮಾಸಿದ ಕಡೆ ಗೋಡೆಯ ಕ್ಯಾಲೆಂಡರಿನಲ್ಲಿ "ಬಂದರು", "ಹೋದರು" ಎಂದು ಪೆನ್ಸಿಲಿನಲ್ಲಿ ಬರೆದಿಟ್ಟದ್ದನ್ನು ನಾನೇ ಕಂಡಿದ್ದೇನೆ. ಅಂಥ ಕ್ಯಾಲೆಂಡರು, ಹಳೆಯ ಡ್ರಾಫ್ಟಿನ ಪ್ರತಿ, ಸಿಲೋನಿನಿಂದ ಬಂದ ಕಾಗದ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಆದಿತ್ಯವಾರ ಮಧ್ಯಾಹ್ನ ಮೇಲೆ ವಾಚನಾಲಯಕ್ಕೆ ತನ್ನಿ. ಪ್ರತಿ ತೆಗೆದು ಕೂಡಲೇ ಹಿಂದೆ ಕೊಡುತ್ತೇವೆ.